ಮೇಷ್ಟ್ರ ಕಡೆ

ಪಿಕಪ್ಪಿನ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿ ನಿಂತವನಿಗೆ, ಲೋಕಕ್ಕೆ ಕಾಣುತ್ತಿರುವುದು ತನ್ನ ಹಿಂಭಾಗ ಮಾತ್ರ ಎಂಬ ಅರಿವು ಬೆಳಗಿನ ಒಂಬತ್ತೂವರೆಗೇ ಆಗಿತ್ತು. ಈಗ ಹನ್ನೊಂದು. ಇಪ್ಪತ್ತೇಳು ವರ್ಷ ತರಬೇತಿ ಸಂಸ್ಥೆಯಲ್ಲಿ ಎಂಜಿನ್ನಿನ ಪಾಠ ಹೇಳಿ, ನಿವೃತ್ತನಾಗಿ ಹದಿನಾಲ್ಕು ತಿಂಗಳಾದ ಮೇಲೆ, ಅವನು ಜೀವನದಲ್ಲಿ ಮೊದಲ ಸಲ ಒಂದು ಫ್ಯಾನ್ ಕ್ಲಚ್ ಬಿಚ್ಚಲು ನಿಂತಿದ್ದ. ಮೊದಲ ಸಲ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ರೇಡಿಯೇಟರಿನ ಹಿಂದಿರುವ ಫ್ಯಾನನ್ನು ಎಂಜಿನ್ ಕಾದಾಗ ಜೋರಾಗಿ, ತಣ್ಣಗಿದ್ದಾಗ ನಿಧಾನವಾಗಿ ತಿರುಗಿಸುವ, ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದಾದ ಲೋಹದ ಬಿಲ್ಲೆ ಅದು. ಅದು ಸೋತರೆ ಓಡುವ ಗಾಡಿಗೆ ತೊಂದರೆ ಇಲ್ಲ, ನಿಂತ ಗಾಡಿ ಮಾತ್ರ ಕುದಿಯುತ್ತದೆ. ಹೆಂಡತಿಯ ಪಿಕಪ್ಪು ಗುರುವಾರ ಆಸ್ಪತ್ರೆಯ ಗೇಟಿನೆದುರು ನಿಂತು ಕುದಿದಿತ್ತು. ಅದನ್ನು ಕೇಳಿದೊಡನೆ ಅವನು ಕುರ್ಚಿಯಿಂದ ಏಳದೆಯೇ, 'ಫ್ಯಾನ್ ಕ್ಲಚ್' ಎಂದಿದ್ದ. ರೋಗ ಅದೇ ಆಗಿತ್ತು. ಆ ಒಂದು ಗೆಲುವು ಸಾಕಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಅವನು ಈಗ ಪೇಪರ್ ಓದುತ್ತಾ ಕುಳಿತಿರುತ್ತಿದ್ದ. ಆದರೆ ಹೆಂಡತಿ ಗ್ಯಾರೇಜಿಗೆ ಫೋನ್ ಮಾಡಲು ಹೊರಟಾಗ ಅವನ ಬಾಯಿ ತಾನಾಗಿ ತೆರೆದುಕೊಂಡು, 'ಗ್ಯಾರೇಜ್ ಯಾಕೆ? ಇರೋದು ಒಂದು ನಟ್ಟು. ಭಾನುವಾರ ಅರ್ಧ ಗಂಟೇಲಿ ಬಿಚ್ಚಿ ಹಾಕ್ತೀನಿ' ಎಂದುಬಿಟ್ಟಿತು.

'ಹಾಗೆ ನೋಡಿದ್ರೆ,' ಎಂದರು ಅತ್ತೆ, ಲಾಂಡ್ರಿಯ ಕಿಟಕಿಯ ಒಳಗಿನಿಂದ. ದಿಂಬಿನ ಕವರುಗಳನ್ನು ಮಡಚಿ ಹತ್ತು ಹತ್ತರ ಕಟ್ಟು ಮಾಡುವುದು ಅವರ ಕೆಲಸ. ಎಂಬತ್ತೊಂದರ ವಯಸ್ಸಿನಲ್ಲೂ ಕೈ ಮತ್ತು ಬಾಯಿ ಎರಡೂ ಒಂದೇ ವೇಗದಲ್ಲಿ ನಡೆಯುತ್ತಿದ್ದವು. 'ಹಾಗೆ ನೋಡಿದ್ರೆ ಅರ್ಧ ಗಂಟೆ ಯಾವಾಗ ಶುರುವಾಗುತ್ತೆ ಅಂತ ಅಳಿಯಂದಿರು ಹೇಳೇ ಇಲ್ಲ.'

'ಅಮ್ಮಾ, ಸುಮ್ನಿರು,' ಎಂದಳು ಹೆಂಡತಿ ಇಸ್ತ್ರಿ ಯಂತ್ರದ ಹಬೆಯ ಹಿಂದಿನಿಂದ. ಆಮೇಲೆ ಅವನಿಗೆ ಕೇಳುವಂತೆ, ಆದರೆ ಅವನಿಗೆ ಹೇಳುತ್ತಿಲ್ಲ ಎಂಬಂತೆ, 'ನಾಲ್ಕಕ್ಕೆ ಗಾಡಿ ಹೊರಡಬೇಕು. ನಾಳೆ ಬೆಳಿಗ್ಗೆ ಆಸ್ಪತ್ರೇಲಿ ಆರು ಆಪರೇಷನ್ ಇದೆ. ಇವು ಅದರದೇ ಬಟ್ಟೆ' ಎಂದಳು.

ಅವಳು ಹೇಳದೆ ಬಿಟ್ಟದ್ದು ಅವನಿಗೆ ಗೊತ್ತಿತ್ತು. ಮನೆಯ ಹಿಂಭಾಗದಲ್ಲಿ ಒಂದು ಯಂತ್ರದಿಂದ ಶುರುಮಾಡಿ ಈಗ ನಾಲ್ಕು ಯಂತ್ರ ಮಾಡಿಕೊಂಡ ಈ ಲಾಂಡ್ರಿಯಲ್ಲಿ ಆಸ್ಪತ್ರೆಯ ಬಟ್ಟೆ ಒಂದು ದಿನವೂ ತಡವಾಗಿರಲಿಲ್ಲ. ಲಾಂಡ್ರಿಗೆ ಅವನ ಕೊಡುಗೆ ಇಲ್ಲಿಯವರೆಗೆ ಸಲಹೆಗಳ ರೂಪದಲ್ಲಿತ್ತು.

ಅವನು ಮತ್ತೆ ಪೈಪಿಗೆ ಜೋತುಬಿದ್ದ. ಮೂವತ್ತಾರು ಮಿಲಿಮೀಟರಿನ ಸ್ಪ್ಯಾನರು, ಅದರ ಹಿಡಿಗೆ ತೂರಿಸಿದ ಒಂದು ಮೀಟರಿನ ನೀರಿನ ಪೈಪು. ಫ್ಯಾನಿನ ಹಿಂದೆ ಬೆಲ್ಟು ಸುತ್ತುವ ಪುಲಿ ಜೊತೆಯಲ್ಲೇ ತಿರುಗದಂತೆ ತಡೆಯಲು, ಹಳೆಯ ಮಂಚದ ಕಬ್ಬಿಣದ ಪಟ್ಟಿಗೆ ಎರಡು ತೂತು ಕೊರೆದು ಅವನೇ ಮಾಡಿಕೊಂಡ ಸಾಧನ. ಪುಲಿಯ ಎರಡು ಬೋಲ್ಟುಗಳಿಗೆ ಅದು ಸರಿಯಾಗಿ ಕೂತಿತ್ತು. ತೂತುಗಳ ನಡುವಿನ ಅಂತರವನ್ನು ಅವನು ಮೂರು ಸಲ ಅಳೆದಿದ್ದ. ಸ್ಪ್ಯಾನರು ಜಾರಿದರೆ ರೇಡಿಯೇಟರಿನ ತೆಳು ತಗಡು ಹಾಳಾಗದಂತೆ ಸೋಪಿನ ಪುಡಿಯ ರಟ್ಟಿನ ಪೆಟ್ಟಿಗೆಯನ್ನು ಹರಿದು ನಡುವೆ ನಿಲ್ಲಿಸಿದ್ದ. ಎಲ್ಲವೂ ಪಾಠದಲ್ಲಿ ಇದ್ದ ಹಾಗೆಯೇ. ಸ್ಪ್ಯಾನರು ಎರಡು ಸಲ ಜಾರಿತು. ರಟ್ಟಿಗೆ ಏನೂ ಆಗಲಿಲ್ಲ, ಅವನ ಬೆರಳಿನ ಗೆಣ್ಣುಗಳು ಮಾತ್ರ ಫ್ಯಾನಿನ ಎಲೆಗೆ ತರಚಿ ರಕ್ತ ಬಂತು. ಬೆರಳಿನ ಗೆಣ್ಣಿನ ಬಗ್ಗೆ ಪಾಠದಲ್ಲಿ ಏನೂ ಇರಲಿಲ್ಲ.

ಪಾಠ ಒಂಬತ್ತು. ಶೀತಲೀಕರಣ ವ್ಯವಸ್ಥೆ. ಕಣ್ಣು ಮುಚ್ಚಿದರೆ ಪುಟ ಕಾಣುತ್ತಿತ್ತು. ಅವನು ನೋಟ್ಸ್ ಬರೆಸುವಾಗ ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಲ್ಲಿ ಹೇಳುತ್ತಿದ್ದ. ಮೊದಲ ವರ್ಷ ಕೆಲವರು 'ಪೂರ್ಣವಿರಾಮ' ಎಂದು ಅಕ್ಷರದಲ್ಲೇ ಬರೆದುಕೊಂಡಿದ್ದರು. 'ಫ್ಯಾನ್ ಕ್ಲಚ್ಚಿನ ನಟ್ಟನ್ನು, ಎಂಜಿನ್ನಿನ ಮುಂಭಾಗದಲ್ಲಿ ನಿಂತು, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿ ಸಡಿಲಿಸತಕ್ಕದ್ದು.' ಪರೀಕ್ಷೆಯಲ್ಲಿ ಆರು ಅಂಕದ ಪ್ರಶ್ನೆ. ಎರಡು ವರ್ಷಕ್ಕೊಮ್ಮೆ ಬರುತ್ತಿತ್ತು. 'ಸಡಿಲಿಸತಕ್ಕದ್ದು' ಎಂಬ ಮಾತಿನ ಮೇಲೆ ಅವನಿಗೆ ಪ್ರೀತಿಯಿತ್ತು. ನಟ್ಟಿಗೆ ಬೇರೆ ದಾರಿಯೇ ಇಲ್ಲ ಎನ್ನುವಂತಿತ್ತು ಆ ಮಾತು. ಈಗ ಅದೇ ದಿಕ್ಕಿನಲ್ಲಿ ಅವನು ಒಂದೂವರೆ ಗಂಟೆಯಿಂದ ಎಳೆಯುತ್ತಿದ್ದ. ನಟ್ಟು ನೋಟ್ಸ್ ಓದಿರಲಿಲ್ಲ.

ಇನ್ನೊಂದು ದಿಕ್ಕಿತ್ತು. ನಟ್ಟಿಗೆ ಇರುವುದೇ ಎರಡು ದಿಕ್ಕು. ಒಂದರಲ್ಲಿ ಬರದಿದ್ದರೆ ಇನ್ನೊಂದರಲ್ಲಿ ತಿರುಗಿಸಿ ನೋಡುವುದಕ್ಕೆ ಯಾವ ತರಬೇತಿಯೂ ಬೇಕಿಲ್ಲ. ಎರಡನೆಯ ಸಲ ಜಾರಿದಾಗಲೇ ಅದು ಅವನ ತಲೆಗೆ ಬಂದಿತ್ತು. ಬಂದದ್ದನ್ನು ಅವನು ಬಾಗಿಲಲ್ಲೇ ನಿಲ್ಲಿಸಿ, ಮೊದಲು ಎಣ್ಣೆ ಬಿಡೋಣ ಎಂದು ಎಣ್ಣೆ ಬಿಟ್ಟ, ಆಮೇಲೆ ಕುದಿಯುವ ನೀರು ಸುರಿದ, ಆಮೇಲೆ ಪಟ್ಟಿ ಬಾಗಿದೆಯೇ ಎಂದು ಪರೀಕ್ಷಿಸಿದ. ಪಟ್ಟಿ ಬಾಗಿತ್ತು. ಅದನ್ನು ನೆಟ್ಟಗೆ ಮಾಡುತ್ತಾ ಹತ್ತು ನಿಮಿಷ ಕಳೆದ. ಒಂದು ನಟ್ಟನ್ನು ಇನ್ನೊಂದು ಕಡೆಗೆ ತಿರುಗಿಸಿ ನೋಡುವುದರಲ್ಲಿ ಏನು ಹೋಗುತ್ತದೆ ಎಂದು ಯಾರಾದರೂ ಕೇಳಿದ್ದರೆ ಅವನು ಉತ್ತರ ಹೇಳುತ್ತಿರಲಿಲ್ಲ, ಆದರೆ ಉತ್ತರ ಇತ್ತು. ಅದು ಆ ಕಡೆ ಸಡಿಲಾದರೆ ಹದಿನೇಳನೇ ನಂಬರಿನ ಹುಡುಗನೇ ಸರಿ.

ಅವನು ಹುಡುಗರನ್ನು ಹಾಜರಿ ಸಂಖ್ಯೆಯಿಂದಲೇ ಕರೆಯುತ್ತಿದ್ದ. ಹೆಸರಿನಿಂದ ಕರೆದರೆ ಪಕ್ಷಪಾತ ಬರುತ್ತದೆ ಎಂಬುದು ಅವನ ಸಿದ್ಧಾಂತ. ಹೆಸರು ನೆನಪಿರುವುದಿಲ್ಲ ಎಂಬುದು ವಾಸ್ತವ. ಹದಿನೇಳು ಎಂಬುವನು ಉದ್ದ ಕೈಯ, ಕಡಿಮೆ ಮಾತಿನ ಹುಡುಗ. ಬರೆಯುವಾಗ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಹತ್ತೊಂಬತ್ತು ವರ್ಷದ ಹಿಂದಿನ ಒಂದು ಪರೀಕ್ಷೆಯಲ್ಲಿ ಆ ಹುಡುಗ 'ಗಡಿಯಾರದ ಮುಳ್ಳು ತಿರುಗುವ ಕಡೆಗೆ' ಎಂದು ಬರೆದಿದ್ದ. ಕೆಂಪು ಶಾಯಿ ಅದರ ಮೇಲೆ ಎಷ್ಟು ಸಲೀಸಾಗಿ ಹರಿದಿತ್ತು! ಆರಕ್ಕೆ ಸೊನ್ನೆ. ಎರಡು ಅಂಕದಲ್ಲಿ ನಪಾಸು. ಫಲಿತಾಂಶದ ಮರುದಿನ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ, ಮೊಣಕೈವರೆಗೂ ಗ್ರೀಸು. 'ಸಾರ್, ನಮ್ಮ ವರ್ಕ್‌ಶಾಪಲ್ಲಿರೋ ಎಂಜಿನ್ನಲ್ಲಿ ನಾನೇ ಬಿಚ್ಚಿದ್ದೀನಿ. ಈ ಕಡೆಗೇ ಬರುತ್ತೆ. ಬನ್ನಿ ಸಾರ್, ತೋರಿಸ್ತೀನಿ.' ವರ್ಕ್‌ಶಾಪು ಅಂಗಳದ ಆ ಬದಿಗಿತ್ತು, ನಲವತ್ತು ಹೆಜ್ಜೆ. ಅವನ ಮುಂದೆ ಆಗತಾನೆ ತಂದಿಟ್ಟ ಚಹಾ ಇತ್ತು. ಎದ್ದು ಹೋದರೆ ಅದು ಆರಿಹೋಗುತ್ತಿತ್ತು. 'ನೋಟ್ಸ್ ನೋಡಿಕೋ,' ಎಂದಿದ್ದ. ಹುಡುಗ ಇನ್ನೂ ನಿಂತೇ ಇದ್ದಾಗ, 'ನೀನು ಕಲಿಯೋಕೆ ಬಂದಿದ್ದೀಯೋ ಕಲಿಸೋಕೋ?' ಎಂದೂ ಸೇರಿಸಿದ್ದ. ಪಕ್ಕದ ಮೇಜಿನವರು ನಕ್ಕಿದ್ದರು. ಆ ನಗು ಅವನಿಗೆ ಹಿತವಾಗಿತ್ತು. ಹುಡುಗ ಒಂದು ವರ್ಷ ಮತ್ತೆ ಕುಳಿತ.

ಅಲ್ಲಿಂದ ಮುಂದೆ ಎಂಟು ವರ್ಷ ಅವನು ವರ್ಕ್‌ಶಾಪಿನ ಆ ಮೂಲೆಯ ಎಂಜಿನ್ನಿನ ಬಳಿ ಸುಳಿಯಲಿಲ್ಲ. ಅದು ಅವನ ಜಾಗವಲ್ಲ, ಪ್ರಾಯೋಗಿಕ ವಿಭಾಗದ್ದು ಎಂದು ಹೇಳಿಕೊಂಡ. ಒಂಬತ್ತನೇ ವರ್ಷ ಆ ಎಂಜಿನ್ನಿಗೆ ಬಣ್ಣ ಹೊಡೆದು ಅಲ್ಲೇ ಬಾಗಿಲ ಹತ್ತಿರ ಪ್ರದರ್ಶನಕ್ಕಿಟ್ಟರು. ಅದನ್ನು ದಾಟುವಾಗ ಅವನು ಜೇಬಿನಲ್ಲಿ ಏನನ್ನೋ ಹುಡುಕುತ್ತಿದ್ದ. ನಲವತ್ತು ಹೆಜ್ಜೆ ಎಂಬುದು ಮಾತ್ರ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿತು. ಕೆಲವು ಮಧ್ಯಾಹ್ನಗಳಲ್ಲಿ, ಊಟವಾದ ಮೇಲೆ, ಬೇರೆ ಯೋಚನೆ ಇಲ್ಲದಾಗ, ನಲವತ್ತು ಹೆಜ್ಜೆ, ಒಂದು ಲೋಟ ಚಹಾ ಎಂದು ತನ್ನನ್ನು ತಾನೇ ಚುಚ್ಚಿಕೊಳ್ಳುತ್ತಿದ್ದ. ಹಾಗೆ ಚುಚ್ಚಿಕೊಂಡಾಗ ತಾನು ಸ್ವಲ್ಪ ಒಳ್ಳೆಯವನು ಎಂದೂ ಅನ್ನಿಸುತ್ತಿತ್ತು. ಚುಚ್ಚಿಕೊಂಡು, ಕೈ ಒರೆಸಿಕೊಂಡು, ಮುಂದಿನ ತರಗತಿಗೆ ಹೋಗಿ ಅದೇ ವಾಕ್ಯ ಬರೆಸುತ್ತಿದ್ದ.

ಆ ಹದಿನೇಳು ಈಗ ಮುಖ್ಯರಸ್ತೆಯ ತಿರುವಿನಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಬೋರ್ಡಿನ ಮೇಲೆ 'ಹದಿನೇಳು ಮೋಟಾರ್ಸ್' ಎಂದೇ ಇದೆ. ಹೊಸಬರು ಉಳಿದ ಹದಿನಾರು ಎಲ್ಲಿವೆ ಎಂದು ಕೇಳುತ್ತಾರಂತೆ. ಅವನು ಆ ತಿರುವಿನಲ್ಲಿ ನಡೆಯುವಾಗ ಎದುರು ಬದಿಯ ಔಷಧಿ ಅಂಗಡಿಯ ಕಡೆ ನೋಡಿಕೊಂಡು ನಡೆಯುತ್ತಾನೆ. ಹೆಂಡತಿ ಗಾಡಿಯನ್ನು ಅಲ್ಲಿಗೇ ಕೊಡುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ. 'ನಿಮ್ಮ ಸ್ಟೂಡೆಂಟಂತೆ, ಎಷ್ಟು ಗೌರವ ಇಟ್ಕೊಂಡಿದಾರೆ' ಎಂದು ಬಂದು ಹೇಳಿದಾಗಲೆಲ್ಲ ಅವನು ಪೇಪರಿನ ಪುಟ ಮಗುಚುತ್ತಾನೆ.

ಹನ್ನೆರಡೂ ಹತ್ತಕ್ಕೆ ಅತ್ತೆ ಕನ್ನಡಕ ಹುಡುಕಲು ಒಳಗೆ ಹೋದರು. ಹೆಂಡತಿ ಒದ್ದೆ ಬಟ್ಟೆಯ ಬುಟ್ಟಿ ಎಳೆಯುತ್ತಿದ್ದಳು. ಅವನು ಅಕ್ಕಪಕ್ಕ ನೋಡಿದ. ಕಳ್ಳನೊಬ್ಬ ಬೀಗಕ್ಕೆ ಕೈ ಹಾಕುವ ಹಾಗೆ ಪಟ್ಟಿಯನ್ನು ಆ ಬದಿಗೆ ಆನಿಸಿ, ಸ್ಪ್ಯಾನರನ್ನು ಮಗುಚಿ, ಪೈಪನ್ನು ಇನ್ನೊಂದು ದಿಕ್ಕಿಗೆ ಒತ್ತಿದ. ಒಂದು ಸಲ. ಇನ್ನೊಂದು ಸಲ, ಪೂರ್ತಿ ಮೈ ಭಾರ ಬಿಟ್ಟು. ಕದಲಲಿಲ್ಲ.

ಆಹಾ! ಎದೆಯೊಳಗೆ ಏನೋ ಹಗುರಾಗಿ ಮೇಲೆ ಹಾರಿತು. ಈ ಕಡೆಯೂ ಬರುವುದಿಲ್ಲ! ಮಧ್ಯಾಹ್ನದ ಬಿಸಿಲಿನಲ್ಲಿ, ತರಚಿದ ಕೈಗಳ, ಗ್ರೀಸು ಮೆತ್ತಿದ ಅರವತ್ತೊಂದರ ಗಂಡಸೊಬ್ಬ, ನಟ್ಟು ಬಿಚ್ಚಲಾಗಲಿಲ್ಲವೆಂದು ಮುಗುಳ್ನಗುತ್ತಾ ನಿಂತಿದ್ದ. ಆ ನಗು ಎಷ್ಟು ಹೊತ್ತು ಇತ್ತು? ತೊಳೆಯುವ ಯಂತ್ರವೊಂದು ಜೋರಾಗಿ ಸುತ್ತಿ ನಿಲ್ಲುವಷ್ಟು ಹೊತ್ತು. ಆಮೇಲೆ ತರಗತಿಯಲ್ಲಿ ತಾನೇ ಹೇಳುತ್ತಿದ್ದ ಮಾತು ನೆನಪಾಯಿತು: ತಪ್ಪು ದಿಕ್ಕಿಗೆ ಬಿಗಿದ ನಟ್ಟು ಸರಿ ದಿಕ್ಕಿಗೂ ಬರುವುದಿಲ್ಲ. ಒಂದು ಮೀಟರ್ ಪೈಪು, ಎಪ್ಪತ್ತೆಂಟು ಕಿಲೋ ತೂಕ. ಗುಣಿಸಬೇಕಾದ ಅಗತ್ಯವಿರಲಿಲ್ಲ.

ನಿಂತ ಯಂತ್ರದ ದುಂಡು ಗಾಜಿನ ಬಾಗಿಲಿನಲ್ಲಿ ಎದುರು ಗೋಡೆಯ ಗಡಿಯಾರದ ಪ್ರತಿಬಿಂಬ ಕಾಣುತ್ತಿತ್ತು. ಸೆಕೆಂಡಿನ ಮುಳ್ಳು ಹಿಂದಕ್ಕೆ ನಡೆಯುತ್ತಿತ್ತು. ಅವನು ಅದನ್ನೇ ನೋಡಿದ. ಪಾಠ ಒಂಬತ್ತನ್ನು ಅವನು ಬರೆದುಕೊಂಡದ್ದು ಸಂಸ್ಥೆಯ ಗೋಡೆಯ ಮೇಲಿದ್ದ ಬಣ್ಣದ ಚಾರ್ಟಿನಿಂದ. ಸೀಳಿ ತೋರಿಸಿದ ಎಂಜಿನ್ನು, ನೀರಿನ ಪಂಪು, ನಟ್ಟು, ನಟ್ಟಿನ ಮೇಲೆ ಒಂದು ಬಾಣ. ಚಾರ್ಟು ಬರೆದವನು ಎಂಜಿನ್ನಿನ ಒಳಗಡೆಯಿಂದ, ಹಿಂಭಾಗದಿಂದ ನೋಡಿ ಬರೆದಿದ್ದ. ಅದರ ಬಾಣ ಸರಿಯಾಗಿಯೇ ಇತ್ತು. ಅದನ್ನು ಮುಂಭಾಗದಲ್ಲಿ ನಿಂತವನಿಗೆ ಬರೆಯುವಾಗ ತಿರುಗಿಸಿ ಬರೆಯಬೇಕಿತ್ತು. ಗೊತ್ತಿರದ ವಿಷಯವೇನಲ್ಲ. ಹುಡುಗರು ನಕ್ಷೆ ಬರೆಯುವಾಗ 'ಎಲ್ಲಿ ನಿಂತು ನೋಡ್ತಿದ್ದೀಯ, ಮೊದಲು ಅದನ್ನ ಹೇಳು' ಎಂದು ಬೈಯುತ್ತಿದ್ದವನು ಅವನೇ. ಇಪ್ಪತ್ತೇಳು ತಂಡ. ತಂಡಕ್ಕೆ ನಲವತ್ತು ಜನ. ಸಾವಿರಕ್ಕೂ ಮೇಲೆ ಹುಡುಗರು ತಲೆ ಬಗ್ಗಿಸಿ ಬರೆದುಕೊಂಡಿದ್ದರು, ಪೂರ್ಣವಿರಾಮ.

'ರೀ,' ಎಂದಳು ಹೆಂಡತಿ. ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದು ನಿಂತಿದ್ದಳು. ಅವನ ಬೆರಳುಗಳನ್ನು ನೋಡಿದಳು, ನಟ್ಟನ್ನು ನೋಡಿದಳು. 'ಕೋಪ ಮಾಡ್ಕೋಬೇಡಿ. ಹನ್ನೊಂದು ಗಂಟೆಗೇ ಫೋನ್ ಮಾಡಿದೆ. ಅವರು ಊಟ ಮುಗಿಸಿ ಬರ್ತಾರೆ.'

'ಯಾರು?' ಎಂದ, ಗೊತ್ತಿದ್ದೂ.

'ಇನ್ನಾರು? ನಿಮ್ಮ ಹದಿನೇಳು.'

ಹನ್ನೊಂದಕ್ಕೇ. ಅಂದರೆ ಅವನು ಎಣ್ಣೆ ಬಿಡುತ್ತಿದ್ದಾಗ, ನೀರು ಕಾಯಿಸುತ್ತಿದ್ದಾಗ, ಪಟ್ಟಿ ನೆಟ್ಟಗೆ ಮಾಡುತ್ತಿದ್ದಾಗ, ಈ ಮನೆಯಲ್ಲಿ ಎಲ್ಲರಿಗೂ ಆಟದ ಕೊನೆ ಗೊತ್ತಿತ್ತು. ಅವನಿಗೆ ಆಡಲು ಬಿಟ್ಟಿದ್ದರು. ಕೋಪ ಬರಬೇಕಿತ್ತು, ಬಂದದ್ದು, ಗೆಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ ಮಲಗಿಬಿಡಬೇಕೆಂಬ ಆಸೆ. ಜ್ವರ ಎಂದು ಹೇಳಬಹುದು. ಹಣೆ ಮುಟ್ಟಿ ನೋಡಿಕೊಂಡ. ಬಿಸಿಲಿಗೆ ಬಿಸಿಯಾಗಿಯೇ ಇತ್ತು.

ಹದಿನೇಳು ಒಂದೂವರೆಗೆ ಬಂದ. ಹೊಟ್ಟೆ ಬಂದಿತ್ತು, ಮೀಸೆಯ ಒಂದು ತುದಿ ನರೆತಿತ್ತು, ಕೈ ಮಾತ್ರ ಹಾಗೇ ಉದ್ದ. 'ನಮಸ್ಕಾರ ಸಾರ್. ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ! ತಿರುವಲ್ಲಿ ನಡ್ಕೊಂಡು ಹೋಗ್ತಿರ್ತೀರಿ, ಕೂಗೋಣ ಅಂದ್ರೆ ನೀವು ಯಾವಾಗ್ಲೂ ಔಷಧಿ ಅಂಗಡಿ ಕಡೆನೇ ನೋಡ್ತಿರ್ತೀರಿ. ಆರೋಗ್ಯ ಹೇಗಿದೆ ಸಾರ್?'

'ಚೆನ್ನಾಗಿದೆ,' ಎಂದ. ಜ್ವರದ ದಾರಿ ಅಲ್ಲಿಗೆ ಮುಚ್ಚಿತು.

ಹದಿನೇಳು ಬಾನೆಟ್ಟಿನೊಳಗೆ ಬಗ್ಗಿ, ನಟ್ಟಿನ ಸುತ್ತ ಹೆಬ್ಬೆರಳು ಆಡಿಸಿದ. ಆರು ಮೂಲೆಗಳಲ್ಲಿ ಒಂದೇ ಪಕ್ಕದ ಅಂಚು ನುಗ್ಗಾಗಿತ್ತು. ಯಾವ ಕಡೆಗೆ ಎಳೆದಿದ್ದಾರೆ ಎಂಬುದನ್ನು ಅದು ಲಿಖಿತ ಹೇಳಿಕೆಯ ಹಾಗೆ ಹೇಳುತ್ತಿತ್ತು. ಹೆಬ್ಬೆರಳು ಅಲ್ಲಿ ಒಂದು ಕ್ಷಣ ನಿಂತಿತು. 'ಪೈಪ್ ಹಾಕಿದ್ರಾ ಸಾರ್?'

'ಸ್ವಲ್ಪ.'

ಹದಿನೇಳು ಗೋಡೆಗೆ ಒರಗಿಸಿದ್ದ ಒಂದು ಮೀಟರ್ ಸ್ವಲ್ಪವನ್ನು ನೋಡಿದ. ಮಂಚದ ಪಟ್ಟಿಯನ್ನು ಎತ್ತಿ ತೂತುಗಳನ್ನು ನೋಡಿ, 'ಇದು ಚೆನ್ನಾಗಿ ಮಾಡಿದೀರಿ' ಎಂದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಭುಜ ಮತ್ತು ಕಿವಿಯ ನಡುವೆ ಅದನ್ನು ಸಿಕ್ಕಿಸಿಕೊಂಡು, ಚೀಲದಲ್ಲಿ ಸುತ್ತಿಗೆ ಹುಡುಕುತ್ತಾ, 'ಹ್ಞಾಂ, ಒಂದು ಗಂಟೆ ತಡ ಆಗುತ್ತೆ ಮಾರಾಯ. ಫ್ಯಾನ್ ಕ್ಲಚ್ಚು. ಮೇಷ್ಟ್ರ ಕಡೆ ಎಳೆದು ಕೂರಿಸಿಬಿಟ್ಟಿದಾರೆ. ಯಾರಾ? ಇಲ್ಲೇ...' ಎಂದವನು ತಲೆಯೆತ್ತಿದ. ಕಣ್ಣುಗಳು ಸಂಧಿಸಿದವು. ಫೋನು ಭುಜದಿಂದ ಜಾರಿ ಸೋಪಿನ ಪೆಟ್ಟಿಗೆಯ ಮೇಲೆ ಬಿತ್ತು.

'ಯಾವ ಕಡೆ ಅಂದೆ?' ಎಂದ ಅವನು.

'ಏನಿಲ್ಲ ಸಾರ್. ಗ್ಯಾರೇಜ್ ಭಾಷೆ.'

'ಹೇಳಪ್ಪ, ನಮಗೂ ಗೊತ್ತಾಗ್ಲಿ,' ಎಂದರು ಅತ್ತೆ. ಕನ್ನಡಕ ಸಿಕ್ಕಿತ್ತು. ದಿಂಬಿನ ಕವರು ಮಡಚುವುದನ್ನು ನಿಲ್ಲಿಸಿದ್ದರು, ಇಡೀ ದಿನದಲ್ಲಿ ಮೊದಲ ಸಲ.

ಹದಿನೇಳು ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. 'ಅಜ್ಜಿ, ಅದೇನಂದ್ರೆ, ನಾವೆಲ್ಲ ಸಾರ್ ಹತ್ರ ಕಲಿತವರು. ಊರಲ್ಲಿರೋ ಗ್ಯಾರೇಜಿನವರೆಲ್ಲ ಹೆಚ್ಚುಕಮ್ಮಿ ಸಾರ್ ಶಿಷ್ಯರೇ. ಪರೀಕ್ಷೇಲಿ ಒಂದು ಕಡೆ ಬರೀತಿದ್ವಿ, ವರ್ಕ್‌ಶಾಪಲ್ಲಿ ಇನ್ನೊಂದು ಕಡೆ ತಿರುಗಿಸ್ತಿದ್ವಿ. ಅದಕ್ಕೆ ಈ ನಟ್ಟನ್ನ ಬಿಗಿ ಮಾಡೋ ಕಡೇನ...' ಎಂದು ನಿಲ್ಲಿಸಿ, ಅವನ ಕಡೆ ತಿರುಗಿ, ಅವಸರವಾಗಿ, 'ಗೌರವದಿಂದಾನೇ ಸಾರ್. ಕೆಲವು ಬೇರೆ ಗಾಡಿಗಳಿವೆ, ಅವಕ್ಕೆ ನೀವು ಹೇಳಿದ್ದೇ ಸರಿ' ಎಂದ.

ಅತ್ತೆ ನಗಲಿಲ್ಲ. ಅದೇ ಕಷ್ಟವಾಯಿತು. ಹೆಂಡತಿ ಇಸ್ತ್ರಿ ಯಂತ್ರದ ಬಳಿ ನಿಂತು, ನೋಡಬಾರದ್ದನ್ನು ನೋಡಿದವಳಂತೆ ಬೆಡ್‌ಶೀಟಿನ ಅಂಚು ಸರಿಮಾಡುತ್ತಿದ್ದಳು. ಅವನಿಗೆ ವಿಚಿತ್ರವಾದ ಒಂದು ಲೆಕ್ಕಾಚಾರ ಹೊಳೆಯಿತು: ಊರಿನ ಯಾವ ರಸ್ತೆಗೂ ತನ್ನ ಹೆಸರಿಟ್ಟಿಲ್ಲ, ಸಂಸ್ಥೆಯ ಗೋಡೆಯ ಮೇಲೆ ತನ್ನ ಫೋಟೋ ಇಲ್ಲ, ಬೀಳ್ಕೊಡುಗೆಯಲ್ಲಿ ಕೊಟ್ಟ ಫಲಕದಲ್ಲಿ ಇನಿಷಿಯಲ್ಲು ತಪ್ಪಾಗಿದೆ. ಆದರೆ ಒಂದು ದಿಕ್ಕಿಗೆ ತನ್ನ ಹೆಸರಿದೆ. ತಪ್ಪು ದಿಕ್ಕಿಗೆ. ನಾಳೆ ತಾನು ಸತ್ತರೂ ಯಾವುದೋ ಗ್ಯಾರೇಜಿನಲ್ಲಿ ಯಾರೋ ಇನ್ನೊಬ್ಬರಿಗೆ, 'ಅಯ್ಯೋ, ಮೇಷ್ಟ್ರ ಕಡೆ ತಿರುಗಿಸ್ತಿದೀಯಲ್ಲೋ' ಎನ್ನುತ್ತಿರುತ್ತಾರೆ.

'ಪಟ್ಟಿ ಹಿಡ್ಕೊಳ್ಳಿ ಸಾರ್. ಗಟ್ಟಿಯಾಗಿ.'

ಹಿಡಿದುಕೊಂಡ. ಹದಿನೇಳು ಸ್ಪ್ಯಾನರನ್ನು ನಟ್ಟಿಗೆ ಕೂರಿಸಿ, ಪೈಪನ್ನು ಮುಟ್ಟದೆ, ಸ್ಪ್ಯಾನರಿನ ತುದಿಗೆ ಸುತ್ತಿಗೆಯಿಂದ ಚಿಕ್ಕದಾಗಿ, ಚುರುಕಾಗಿ ಹೊಡೆದ. ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಎಳೆದರೆ ಬರುವುದಿಲ್ಲ, ಬೆಚ್ಚಿಬೀಳಿಸಬೇಕು ಎಂದ. ಆರನೆಯ ಏಟಿಗೂ ಏನೂ ಆಗಲಿಲ್ಲ. ಒಂಬತ್ತನೆಯದಕ್ಕೆ ಒಣ ಕಡ್ಡಿ ಮುರಿದಂಥ ಒಂದು ಸಣ್ಣ ಸದ್ದು ಪಟ್ಟಿಯ ಮೂಲಕ ಅವನ ಅಂಗೈಗೆ, ಅಲ್ಲಿಂದ ಮೊಣಕೈಗೆ ಬಂತು. ಆಮೇಲೆ ಹದಿನೇಳು ಬೆರಳಿನಿಂದಲೇ ನಟ್ಟು ಸುತ್ತಿದ, ಸೀಸೆಯ ಮುಚ್ಚಳ ತೆಗೆದ ಹಾಗೆ. ಹತ್ತೊಂಬತ್ತು ವರ್ಷ. ಇಷ್ಟೇ ಇದ್ದದ್ದು.

ಹಳೆಯದರಿಂದ ಫ್ಯಾನು ಬಿಚ್ಚಿ, ಮೊದಲೇ ತಂದಿಟ್ಟಿದ್ದ ಹೊಸ ಕ್ಲಚ್ಚಿಗೆ ಕೂರಿಸಲು ಕಾಲು ಗಂಟೆ ಬೇಕಾಯಿತು. ಅವನು ನಾಲ್ಕು ಬೋಲ್ಟುಗಳನ್ನು ಅಂಗೈಯಲ್ಲಿ ಹಿಡಿದು ಒಂದೊಂದಾಗಿ ಕೊಡುತ್ತಾ ನಿಂತ. ಮೂರನೆಯ ಬೋಲ್ಟು ಕೊಡುವಾಗ, 'ಆ ವರ್ಷ ನೀನು ಬರೆದದ್ದು ಸರಿಯಾಗಿತ್ತು' ಎಂದ. ಧ್ವನಿ ಪಾಠ ಹೇಳುವ ಧ್ವನಿಯ ಹಾಗೇ ಬಂತು. ಬೇರೆ ಧ್ವನಿ ಅವನ ಬಳಿ ಇರಲಿಲ್ಲ.

'ಯಾವ ವರ್ಷ ಸಾರ್?'

'ನಪಾಸಾದೆಯಲ್ಲ. ಎರಡು ಅಂಕ.'

'ಓ, ಅದಾ!' ಹದಿನೇಳು ನಿಜವಾಗಿಯೂ ನಕ್ಕ. 'ಅದನ್ನ ನೀವು ಇನ್ನೂ ನೆನಪಿಟ್ಕೊಂಡಿದೀರಾ? ಮುಂದಿನ ವರ್ಷ ನಿಮ್ಮ ಉತ್ತರಾನೇ ಬರೆದೆ ಸಾರ್. ಆರಕ್ಕೆ ಆರು ಕೊಟ್ರಿ.'

ಹತ್ತೊಂಬತ್ತು ವರ್ಷ ಅವನು ಜತನದಿಂದ ಸಾಕಿಕೊಂಡು ಬಂದ ಪಾಪಕ್ಕೆ, ಅದನ್ನು ಅನುಭವಿಸಿದವನ ಮನೆಯಲ್ಲಿ ಕೂರಲು ಒಂದು ಮಣೆಯೂ ಇರಲಿಲ್ಲ. ಕ್ಷಮೆ ಕೇಳುವವನ ಮುಂದೆ ಕ್ಷಮಿಸಬೇಕಾದವನೇ ಗಮನ ಕೊಡದೆ ಬೋಲ್ಟು ಬಿಗಿಯುತ್ತಿದ್ದ. ಅವನಿಗೆ ಸ್ವಲ್ಪ ಮೋಸ ಹೋದಂತೆಯೂ ಅನ್ನಿಸಿತು.

'ಒಂದು ವಿಷಯ ಕೇಳ್ಬೇಕಿತ್ತು ಸಾರ್,' ಎಂದ ಹದಿನೇಳು, ನಾಲ್ಕನೆಯ ಬೋಲ್ಟಿಗೆ ಕೈ ಚಾಚುತ್ತಾ. ಈಗ ನಗು ಇರಲಿಲ್ಲ. 'ನನ್ನ ಮಗಳು ಈಗ ಅಲ್ಲೇ ಓದ್ತಿದಾಳೆ. ನಾಳೆ ಥಿಯರಿ ಪರೀಕ್ಷೆ. ನಿಮ್ಮದೇ ನೋಟ್ಸು, ಝೆರಾಕ್ಸು. ನನ್ನ ಜೊತೆ ಹತ್ತು ಗಾಡೀದಾದ್ರೂ ಬಿಚ್ಚಿದಾಳೆ. ಬಿಚ್ಚೋದು ಹೀಗೆ, ಬರೆಯೋದು ಮೇಷ್ಟ್ರ ಕಡೆ, ಅಷ್ಟೇ ಮಗಳೇ ಅಂದೆ. ಕೇಳಲ್ಲ ಅಂತಾಳೆ. ಅಪ್ಪ, ಸುಳ್ಳು ಅಂತ ಗೊತ್ತಿದ್ದೂ ಯಾಕೆ ಬರೀಲಿ ಅಂತಾಳೆ. ಹಟ. ನೀವೊಂದು ಮಾತು ಹೇಳ್ಬಿಡಿ ಸಾರ್. ನೀವು ಹೇಳಿದ್ರೆ ಬರೀತಾಳೆ.'

'ಏನಂತ ಹೇಳ್ಲಿ?'

'ನೋಟ್ಸಲ್ಲಿ ಇರೋ ಹಾಗೇ ಬರಿ ಅಂತ.'

ಅವನ ಅಂಗೈಯಲ್ಲಿ ನಾಲ್ಕನೆಯ ಬೋಲ್ಟು ಬೆಚ್ಚಗಾಗಿತ್ತು. ಅದನ್ನು ಕೊಡಲು ಮರೆತು ನಿಂತಿದ್ದ.

ನಾಲ್ಕಕ್ಕೆ ಏಳು ನಿಮಿಷ ಇರುವಾಗ ಪಿಕಪ್ಪು ಹೊರಟಿತು. ಹಿಂದೆ ಐವತ್ತೆರಡು ಕಟ್ಟು, ಮುಂದೆ ಹೆಂಡತಿ ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ಅವನು. ಅವನು ಯಾಕೆ ಹತ್ತಿದನೆಂದು ಅವಳು ಕೇಳಲಿಲ್ಲ. ದಾರಿಯ ದಟ್ಟಣೆಯಲ್ಲಿ ಗಾಡಿ ಮೂರು ಸಲ ನಿಂತಿತು. ಇಬ್ಬರೂ ಕಾವಿನ ಮುಳ್ಳನ್ನೇ ನೋಡುತ್ತಿದ್ದರು. ಅದು ಅರ್ಧಕ್ಕೆ ಬಂದು ಅಲ್ಲೇ ಸುಮ್ಮನೆ ನಿಂತಿತು. ಸಂಸ್ಥೆಯ ಗೇಟು ಬಂದಾಗ, 'ಇಲ್ಲಿ ಇಳಿಸು' ಎಂದ.

'ಕೈ ಆದ್ರೂ ತೊಳ್ಕೊಂಡು ಹೋಗ್ಬಾರ್ದಾ? ನೀರಿದೆ.'

'ಬೇಡ.'

ಅವಳು ಗಿಯರಿನ ಮೇಲೆ ಕೈಯಿಟ್ಟು ಅವನನ್ನು ನೋಡಿದಳು. 'ವಾಪಸ್ ಬರೋವಾಗ ಹಾರ್ನ್ ಮಾಡ್ತೀನಿ,' ಎಂದಳು. ಆಮೇಲೆ, ನಗು ಬಿಗಿಹಿಡಿದು, 'ಯಾವ ಕಡೆ ನಿಂತಿರ್ತೀರಿ?' ಎಂದಳು. ಬೆಳಗಿನಿಂದ ಅವಳು ಆಡಿದ ಮೊದಲ ತಮಾಷೆ. ಅವನಿಗೆ ಅಳುವಷ್ಟು ಸಮಾಧಾನವಾಯಿತು.

ಅವನ ಜಾಗಕ್ಕೆ ಬಂದಿದ್ದವನು ಮೂವತ್ತೊಂದು, ಅವನದೇ ಶಿಷ್ಯ. ಮರುದಿನದ ಪರೀಕ್ಷೆಗಾಗಿ ಭಾನುವಾರವೂ ಬಂದು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳಿಗೆ ಮುದ್ರೆ ಒತ್ತುತ್ತಿದ್ದ. ಅವನನ್ನು ಕಂಡು ಎದ್ದು ನಿಂತ. ಗ್ರೀಸಿನ ಕೈಗಳನ್ನು ಕಂಡು ಹುಬ್ಬೇರಿಸಿದ. ಆ ಕೈಗಳನ್ನು ಆ ಬಣ್ಣದಲ್ಲಿ ಯಾರೂ ನೋಡಿರಲಿಲ್ಲ.

'ಪಾಠ ಒಂಬತ್ತು,' ಎಂದ ಅವನು, ಕೂರದೆ. 'ಫ್ಯಾನ್ ಕ್ಲಚ್. ನಮ್ಮ ಎಂಜಿನ್ನಿಗೆ ನಾನು ಬರೆಸಿದ ದಿಕ್ಕು ತಪ್ಪು.'

ಮೂವತ್ತೊಂದು ಮುದ್ರೆಯನ್ನು ಕೆಳಗಿಟ್ಟ. ನೆಲ ನೋಡಿದ. 'ಗೊತ್ತು ಸಾರ್.'

'ಗೊತ್ತಾ? ಮತ್ತೆ ತಿದ್ದಲಿಲ್ಲ ಯಾಕೆ?'

'ನಿಮ್ಮ ನೋಟ್ಸ್ ಅಲ್ವಾ ಸಾರ್. ನಿಮಗೆ ಬೇಜಾರಾಗುತ್ತೆ ಅಂತ.'

ಇಷ್ಟು ಜನ ಇಷ್ಟು ವರ್ಷ ತನ್ನ ಬೇಜಾರನ್ನು ಕಾಪಾಡಿದ್ದರು. ಅವನು ನಿಂತಲ್ಲೇ ಮೇಜಿನ ಅಂಚು ಹಿಡಿದುಕೊಂಡ. ಬಿಳಿ ಹಾಳೆಯೊಂದರ ಮೇಲೆ ಕಪ್ಪು ಹೆಬ್ಬೆಟ್ಟು ಮೂಡಿತು. 'ನಾಳೆ ಸರಿಯಾಗಿ ಬರೆದವರಿಗೆ ಪೂರ್ತಿ ಅಂಕ ಕೊಡು.'

'ಉಳಿದವರೆಲ್ಲ ನಿಮ್ಮದನ್ನೇ ಬಾಯಿಪಾಠ ಮಾಡಿರ್ತಾರಲ್ಲ ಸಾರ್?'

'ಅವರಿಗೂ ಕೊಡು. ತಪ್ಪು ಅವರದ್ದಲ್ಲ. ಯಾರಾದ್ರೂ ಕೇಳಿದ್ರೆ ನನ್ನನ್ನ ತೋರಿಸು. ಕಾಗದ ಕೊಡು, ಬರೆದು ಸಹಿ ಮಾಡ್ತೀನಿ. ಮೂಲಪ್ರತಿ ಎಲ್ಲಿ?'

ಮೂಲಪ್ರತಿ ಬೀರುವಿನಲ್ಲೇ ಇತ್ತು, ಅವನದೇ ದುಂಡಗಿನ ಅಕ್ಷರದಲ್ಲಿ. ಕೆಂಪು ಪೆನ್ನು ತೆಗೆದುಕೊಂಡು 'ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ' ಎಂಬುದನ್ನು ಹೊಡೆದುಹಾಕಿದ. ಕೈ ಸಲೀಸಾಗಿ ಹರಿಯಲಿಲ್ಲ. ಮೇಲೆ 'ಮುಳ್ಳು ತಿರುಗುವ ದಿಕ್ಕಿನಲ್ಲಿ' ಎಂದು ಬರೆದು, ತಾರೀಕು ಹಾಕಿದ. 'ಸಡಿಲಿಸತಕ್ಕದ್ದು' ಎಂಬುದನ್ನು ಹಾಗೇ ಬಿಟ್ಟ. ಆಮೇಲೆ ಫೋನು ತೆಗೆದು, ಹೆಂಡತಿ ಕೊಟ್ಟಿದ್ದ ನಂಬರಿಗೆ ಹಚ್ಚಿ, ಹದಿನೇಳು ಎತ್ತಿದೊಡನೆ, 'ಮಗಳಿಗೆ ಹೇಳು, ಅವಳ ಕೈಗೆ ಗೊತ್ತಿರೋದನ್ನೇ ಬರೀಲಿ' ಎಂದ. 'ಖಂಡಿತಾನಾ ಸಾರ್?' ಎಂದ ಹದಿನೇಳು.

ಖಂಡಿತಾನಾ? ಪಿಕಪ್ಪಿನದು ನೋಡಿದ್ದಾಯಿತು. ಸಂಸ್ಥೆಯ ಎಂಜಿನ್ನನ್ನು ಈಗಲೂ ನೋಡಿಲ್ಲ. ನೋಡದೆ ಬರೆದದ್ದನ್ನು ನೋಡದೆಯೇ ತಿದ್ದಿದ್ದಾನೆ. 'ಒಂದು ನಿಮಿಷ ಇರು,' ಎಂದು, ಫೋನನ್ನು ಹಾಗೇ ಹಿಡಿದುಕೊಂಡು, ಬಾಗಿಲಿನಿಂದ ಹೊರಗೆ ಕಾಲಿಟ್ಟ.

ಸ್ಟಾಫ್ ರೂಮಿನ ಹೊಸಿಲಿನಿಂದಲೇ ಹೆಜ್ಜೆ ಎಣಿಸಲು ಶುರುಮಾಡಿದ. ಅಂಗಳದ ನಡುವೆ ಹಳೆಯ ಟೈರುಗಳ ರಾಶಿ, ಅದನ್ನು ಬಳಸಿದ್ದನ್ನೂ ಸೇರಿಸಿ ಎಣಿಸಿದ. ಮೂವತ್ತೊಂದು ಬೀಗದ ಕೈ ಹಿಡಿದು ಹಿಂದೆಯೇ ಬಂದ. ವರ್ಕ್‌ಶಾಪಿನ ಬಾಗಿಲು ತಲುಪಿದಾಗ ಅವನು ನಿಂತು, ನಂಬಿಕೆ ಬರದೆ, ತಿರುಗಿ ನೋಡಿದ.

'ಏನಾಯ್ತು ಸಾರ್?'

'ಇಪ್ಪತ್ತಾರು ಹೆಜ್ಜೆ,' ಎಂದ ಅವನು. 'ಇಪ್ಪತ್ತಾರೇ ಇದೆ.'

'ಸಾರ್?' ಎಂದಿತು ಫೋನು.